ಅಮಾವಾಸ್ಯೆಗೆ ಬಂದ ಬೈಕು

ಹಿಂದೂಪುರದ ನೇಕಾರರ ಬೀದಿಯಲ್ಲಿ ದಯಾನಂದನ ಬೈಕ್ ಅಂಗಡಿ ಎಲ್ಲಿ ಎಂದು ಕೇಳಿದರೆ ಜನ ಮೊದಲು ತಮ್ಮ ಕಿವಿ ಮುಟ್ಟಿಕೊಂಡು ತೋರಿಸಿ, ಆಮೇಲೆ ದಾರಿ ಹೇಳುತ್ತಿದ್ದರು. ಅಷ್ಟು ಹೆಸರು ಮಾಡಿದ ಕಿವಿ ಅದು. ಬೈಕು ಬೀದಿಯ ತುದಿಯಲ್ಲಿ ತಿರುಗುವಾಗಲೇ, ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡದೆ, "ಚೈನು ಸಡಿಲ, ಪ್ಲಗ್ಗು ಮಸಿ" ಎಂದುಬಿಡುತ್ತಿದ್ದ. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು.

ಈ ವಿದ್ಯೆ ಅವನಿಗೆ ಬಂದದ್ದು ಮಗ್ಗದಿಂದ. ತಂದೆ ಸೀತಾರಾಮಪ್ಪನವರದು ಕೈಮಗ್ಗದ ಕಾಲ. ದಯಾನಂದ ಕಣ್ಣು ಬಿಡುವ ಹೊತ್ತಿಗೆ ಮನೆಯಲ್ಲಿ ಪವರ್‌ಲೂಮ್ ಬಂದಿತ್ತು. ಹತ್ತನೇ ಕ್ಲಾಸು ಬಿಟ್ಟವನು ಮದುವೆಯಾಗಿ ಮಗಳು ಹುಟ್ಟುವತನಕ ಆ ಮಗ್ಗಗಳ ನಡುವೆಯೇ ನಿಂತಿದ್ದ. ಯಾವ ಮಗ್ಗದಲ್ಲಿ ಏನು ಕೆಟ್ಟಿದೆ ಎಂಬುದನ್ನು ಸದ್ದಿನಲ್ಲೇ ಹಿಡಿಯುತ್ತಿದ್ದ. ಬೀದಿಯವರ ಬೈಕುಗಳಿಗೂ ಅದೇ ಬುದ್ಧಿ ಓಡಿಸಿ ನೋಡಿದ, ಓಡಿತು. ಮಗ್ಗಗಳನ್ನು ಹೆಂಡತಿ ಪ್ರಮೀಳಾಳ ಕೈಗೆ ಬಿಟ್ಟು ಮನೆಯ ಮುಂಭಾಗಕ್ಕೆ ಶೀಟು ಹೊದಿಸಿ ಅಂಗಡಿ ಮಾಡಿಕೊಂಡ. ಹಿಂದೆ ಮಗ್ಗ, ಮುಂದೆ ಇಂಜಿನ್ನು. ಆ ಮನೆಯಲ್ಲಿ ಗಂಡ ಹೆಂಡತಿ ಪ್ರೀತಿಯ ಮಾತನ್ನೂ ಕೂಗಿಯೇ ಆಡಬೇಕು. ಬೀದಿಯ ಎಲ್ಲ ಮನೆಗಳ ಸಂಸಾರವೂ ಹಾಗೇ ಅನ್ನಿ.

ಅವನ ಹೆಚ್ಚುಗಾರಿಕೆಯೆಲ್ಲ ಇದ್ದದ್ದು ಟ್ಯಾಪೆಟ್ ಕೂರಿಸುವುದರಲ್ಲಿ. ಬೈಕಿನ ಇಂಜಿನ್ನಿನ ನೆತ್ತಿಯೊಳಗೆ ವಾಲ್ವುಗಳಿರುತ್ತವೆ. ವಾಲ್ವಿಗೂ ಅದನ್ನು ಒತ್ತುವ ತುಂಡಿಗೂ ನಡುವೆ ಕೂದಲೆಳೆಯಷ್ಟು ಸಂದು ಬೇಕು. ಸಂದು ಬಿಗಿಯಾದರೆ ವಾಲ್ವು ಸುಟ್ಟುಹೋಗುತ್ತದೆ. ಸಡಿಲವಾದರೆ ಟಕಟಕ ಬಡಿದುಕೊಂಡು ಒಳಗಿನ ಸಾಮಾನೆಲ್ಲ ಸವೆಯುತ್ತದೆ. ಇದನ್ನು ಅಳೆಯುವುದಕ್ಕೆಂದೇ ಫಿಲ್ಲರ್ ಎಂಬ ತೆಳು ಉಕ್ಕಿನ ಪಟ್ಟಿಗಳು ಸಿಗುತ್ತವೆ. ಆ ಪಟ್ಟಿಗಳ ಬಗ್ಗೆ ದಯಾನಂದನಿಗೆ ಎಲ್ಲಿಲ್ಲದ ತಾತ್ಸಾರ. ಇಂಜಿನ್ ಸ್ಟಾರ್ಟ್ ಮಾಡಿ, ಸ್ಕ್ರೂ ತಿರುಗಿಸಿ, ತಲೆ ವಾರೆ ಮಾಡಿ ಕೇಳುತ್ತಿದ್ದ. ಸದ್ದೇ ಇಲ್ಲವೆಂದರೆ ಬಿಗಿ. ಹೆಚ್ಚು ಸದ್ದೆಂದರೆ ಸಡಿಲ. ಗೋಡೆ ಗಡಿಯಾರದಷ್ಟು ಸಣ್ಣ ಟಿಕ್‌ಟಿಕ್ ಉಳಿಯಬೇಕು. ಅಲ್ಲಿಗೆ ಸ್ಕ್ರೂ ನಿಲ್ಲಿಸುತ್ತಿದ್ದ.

ಕಂಪನಿಯವರು ಗಾಡಿಯ ಜೊತೆ ಕೊಡುವ ಪುಸ್ತಕದಲ್ಲಿ ಇಷ್ಟು ಕಿಲೋಮೀಟರಿಗೊಮ್ಮೆ ಟ್ಯಾಪೆಟ್ ನೋಡಿಸಿ ಎಂದಿರುತ್ತದೆ. ಈ ಸೀಮೆಯಲ್ಲಿ ಅದನ್ನು ಓದಿದವರು ಯಾರು? ಯುಗಾದಿಗೊಂದು ಸರ್ವಿಸು, ಆಯುಧಪೂಜೆಗೊಂದು ಸರ್ವಿಸು, ಮುಗಿಯಿತು. ಮೀಟರಿನ ಕೇಬಲ್ ತುಂಡಾಗಿ ಯಾವ ಕಾಲವೋ ಆದ ಬೈಕುಗಳಿಗೆ ಕಿಲೋಮೀಟರಿನ ಗೊಡವೆ ಯಾಕೆ?

ಅಂಗಡಿ ಶುರುವಾದಾಗ ಮೊದಲು ಬೈಕು ತಂದು ನಿಲ್ಲಿಸಿದವನು ಬೈಲಪ್ಪ. ಕಲ್ಯಾಣದುರ್ಗದವನು. ಹುಣಸೆಹಣ್ಣಿನ ವ್ಯಾಪಾರಕ್ಕೆ ಹಿಂದೂಪುರದ ಮಾರ್ಕೆಟ್ಟಿಗೆ ಓಡಾಡುತ್ತಿದ್ದ. ಅವನ ಊರಲ್ಲಿ ಮೆಕ್ಯಾನಿಕ್‌ಗಳಿಗೆ ಬರವಿರಲಿಲ್ಲ. ಆದರೂ ಟ್ಯಾಪೆಟ್ಟಿಗೆ ಮಾತ್ರ ದಯಾನಂದನೇ ಆಗಬೇಕು. ದಯಾನಂದ ತನ್ನ ಮಗಳು ಬನಶ್ರೀಗೆ ಕಲ್ಯಾಣದುರ್ಗದ ಗಂಡು ನೋಡಿದಾಗ ಹುಡುಗನ ಮನೆತನ ವಿಚಾರಿಸಿ ಹೇಳಿದವನೂ ಬೈಲಪ್ಪನೇ. ಹಾಗಾಗಿ ಅವನು ಬರೀ ಗಿರಾಕಿ ಅಲ್ಲ.

ಅಂಥ ಬೈಲಪ್ಪ ಯುಗಾದಿ ಸರ್ವಿಸ್ ಮುಗಿಸಿಕೊಂಡು ಹೋದವನು ಮುಂದಿನ ವಾರವೇ ತಿರುಗಿ ಬಂದ.

"ಏನ್ ಮಾಡ್ಬುಟ್ಟೆ ಕಣಪ್ಪ ನನ್ ಗಾಡೀನ? ಟೈಲರ್ ಮಿಷನ್ ಬಡ್ಕಂಡಂಗೆ ಬಡ್ಕಂತೈತೆ. ರೊದ್ದಂ ದಾಟೋ ಹೊತ್ಗೆ ತಲೆನೋವು ಬಂದ್ಬುಡ್ತು."

ದಯಾನಂದ ಸ್ಟಾರ್ಟ್ ಮಾಡಿ ತಲೆ ವಾರೆ ಮಾಡಿದ. ಬೈಲಪ್ಪ ಹೇಳಿದ ಬಡಿತ ಎಲ್ಲೂ ಇಲ್ಲ. ಹಾಗೆ ನೋಡಿದರೆ ಇರಬೇಕಾದ ಟಿಕ್‌ಟಿಕ್ಕೇ ಸರಿಯಾಗಿ ಇಲ್ಲ.

"ಬಡಿಯಾದೆಲ್ ಬಂತು ಬೈಲಣ್ಣ? ಬಿಗಿಯಾಗೈತೆ ನಿನ್ ಗಾಡಿ. ಹಿಂಗೇ ಓಡ್ಸುದ್ರೆ ವಾಲ್ವ್ ಸುಟ್ಟೋಯ್ತದೆ" ಎಂದು ಸ್ಕ್ರೂ ಇನ್ನಷ್ಟು ಬಿಟ್ಟ. ಸಣ್ಣಗೆ ಟಿಕ್‌ಟಿಕ್ ಬಂತು. ಅವನ ಜೀವಕ್ಕೆ ಸಮಾಧಾನವಾಯಿತು. ಬೈಲಪ್ಪ ಮುಖ ಹಿಂಡಿಕೊಂಡು ಹೊರಟುಹೋದ.

ಆಮೇಲೆ ನಡೆದದ್ದು ದಯಾನಂದನಿಗೆ ತಲೆಬುಡ ತಿಳಿಯಲಿಲ್ಲ. ಬೈಲಪ್ಪ ಊರಿಗೆ ಹೋಗಿ ಓಬುಳೇಶ್ ಎಂಬ ಮೆಕ್ಯಾನಿಕ್‌ಗೆ ಗಾಡಿ ತೋರಿಸಿದ. ಅವನು ಫಿಲ್ಲರ್ ಪಟ್ಟಿ ತೂರಿಸಿ, "ಚಾಲಾ ಲೂಜ್ ಉಂದನ್ನಾ" ಎಂದು ಬಿಗಿ ಮಾಡಿ ಕಳಿಸಿದ. ಮುಂದಿನ ಸಲ ಮಾರ್ಕೆಟ್ಟಿಗೆ ಬಂದಾಗ ದಯಾನಂದ ಕೇಳಿ ನೋಡಿ, "ಆ ಪುಣ್ಯಾತ್ಮ ವಾಲ್ವ್ ಸುಡಾಕೆ ನಿಂತವ್ನೆ" ಎಂದು ಸಡಿಲ ಮಾಡಿದ. ಅಲ್ಲಿ ಬಿಗಿ, ಇಲ್ಲಿ ಸಡಿಲ. ಹುಣಸೆಹಣ್ಣಿನ ವ್ಯಾಪಾರ ಮಾಡುವ ಮನುಷ್ಯ ಇಬ್ಬರ ನಡುವೆ ಸಿಕ್ಕಿ ಹಣ್ಣಾದ.

ಬೈಲಪ್ಪನೊಬ್ಬನಾಗಿದ್ದರೆ ವಯಸ್ಸಾಯಿತು, ಭ್ರಮೆ ಎಂದು ಬಿಡಬಹುದಿತ್ತು. ಸೋಮಂದೇಪಲ್ಲಿಯ ಗಂಗುಲಪ್ಪನೂ ಸದ್ದು ಎಂದ. ಪಕ್ಕದ ಬೀದಿಯ ಅಮರೇಶ ಏನೂ ಅನ್ನಲಿಲ್ಲ, ಬರುವುದನ್ನೇ ನಿಲ್ಲಿಸಿದ. ದಯಾನಂದ ಕೂತಲ್ಲಿ ನಿಂತಲ್ಲಿ ಯೋಚಿಸಿದ. ಈಚೆಗೆ ಯಾವ ಬೈಕು ಬಂದರೂ ಬಿಗಿಯಾಗಿಯೇ ಕೇಳುತ್ತದೆ, ಯಾಕೆ? ಆಯಿಲ್ ಮಂದವಾಗಿದೆಯೇ ಎಂದು ಆಯಿಲ್ ಬದಲಾಯಿಸಿದ. ಪೆಟ್ರೋಲಿನಲ್ಲಿ ಏನೋ ಬೆರೆಸುತ್ತಾರಂತೆ, ಅದರ ಕಾಟವೇ ಎಂದುಕೊಂಡ. ಓಬುಳೇಶ ಸೀಮೆಯ ಗಿರಾಕಿಗಳಿಗೆಲ್ಲ ಕಿವಿ ಊದುತ್ತಿದ್ದಾನೆಂದು ಒಂದಿಡೀ ದಿನ ಉರಿದುಕೊಂಡ. ಯಾವುದೂ ಸರಿಹೊಂದಲಿಲ್ಲ. ಅನ್ನ ಸೇರದಾಯಿತು. ಇಷ್ಟು ವರ್ಷ ಮರ್ಯಾದೆಯ ಅನ್ನ ತಂದುಕೊಟ್ಟ ವಿದ್ಯೆಯೊಂದು ಕಣ್ಣೆದುರೇ ಸುಳ್ಳಾಗುವುದೆಂದರೆ ಅವನಿಗೆ ಜೀವವೇ ಹೋದಂತೆ.

ಕಡೆಗೆ ಬೈಲಪ್ಪನೇ ಅಂದ: "ನಿಮ್ ಬೀದಿನಾಗೆ ಹಗಲೆಲ್ಲ ಮಗ್ಗದ ಗಲಾಟೆ. ಆ ಗಲಾಟೆನಾಗೆ ನಿಂಗಾದ್ರೂ ಏನ್ ಕೇಳ್ಸತೈತೆ?"

ಮಂಜು ಸರಿದಂತಾಯಿತು ದಯಾನಂದನಿಗೆ. ಹೌದಲ್ಲ! ಬೀದಿಯಲ್ಲಿ ಈ ವರ್ಷ ಮಗ್ಗಗಳು ಹೆಚ್ಚಾಗಿವೆ, ಎದುರು ಮನೆಯವರು ಬೇರೆ ಹೊಸ ಮಗ್ಗ ಹಾಕಿಸಿದ್ದಾರೆ. ಇಷ್ಟು ಸಣ್ಣದಕ್ಕೆ ಇಷ್ಟು ದಿನ ಒದ್ದಾಡಿದೆನಲ್ಲ ಎಂದು ನಗುವೂ ಬಂತು. ಗಲಾಟೆಯಲ್ಲಿ ಕೂದಲೆಳೆ ಹೆಚ್ಚುಕಮ್ಮಿ ಆಗಿದ್ದೀತು, ಟೈಲರ್ ಮಿಷನ್ನಿನಂಥ ಬಡಿತವಂತೂ ಇರಲಾರದು ಎಂದುಕೊಂಡ.

"ಅಮಾವಾಸ್ಯೆಗೆ ಬಾ ಬೈಲಣ್ಣ. ಅವತ್ತು ಒಂದ್ ಮಗ್ಗಾನೂ ಓಡಲ್ಲ. ನಾಕ್ ಜನದ ಎದುರ್ಗೇ ಕೇಳ್ಬುಡಾನ. ಸದ್ದೈತೆ ಅಂದ್ರೆ ನಾನು ಅಂಗಡಿ ಮುಚ್ತೀನಿ. ಇಲ್ಲಾಂದ್ರೆ ನೀನು ಆ ಓಬುಳೇಶನ ಹೆಸರೆತ್ತಬಾರ್ದು."

"ಸರ್ಲೇ, ಬತ್ತೀನಿ" ಎಂದ ಬೈಲಪ್ಪ.

ಅಮಾವಾಸ್ಯೆ ಬಂತು. ಈ ಬೀದಿಯ ನೇಕಾರರಿಗೆ ಅದು ವಾರದ ರಜೆಗಿಂತ ದೊಡ್ಡದು. ಆ ದಿನ ಮಗ್ಗಕ್ಕೆ ಕೈ ಹಚ್ಚುವುದಿಲ್ಲ; ಒರೆಸಿ, ಕುಂಕುಮವಿಟ್ಟು, ಒಂದು ಊದುಬತ್ತಿ ಹಚ್ಚಿ ಸುಮ್ಮನಿದ್ದುಬಿಡುತ್ತಾರೆ. ಜಗುಲಿಗಳಲ್ಲಿ ಜನ ಕೂತಿದ್ದರು. ಹಿಂದಿನ ಸಂಜೆ ಬಸ್ಸಿಗೆ ತವರಿಗೆ ಬಂದಿದ್ದ ಬನಶ್ರೀ ಹೊಸ್ತಿಲಲ್ಲಿ ಕೂತು ಹೂ ಕಟ್ಟುತ್ತಿದ್ದಳು.

ಬೈಲಪ್ಪ ಬಂದವನೇ ಇಂಜಿನ್ ಆರಿಸದೆ ಸ್ಟ್ಯಾಂಡು ಹಾಕಿದ. ಹೋದ ಸಲ ದಯಾನಂದ ಕೂರಿಸಿ ಕಳಿಸಿದ್ದ ಟ್ಯಾಪೆಟ್ಟಿಗೆ ಈ ನಡುವೆ ಯಾರೂ ಕೈ ಹಾಕಿರಲಿಲ್ಲ.

ದಯಾನಂದ ಬಗ್ಗಿದ. ಕೇಳಿದ. ಇನ್ನೊಂದು ಬದಿಗೆ ಹೋಗಿ ಕೇಳಿದ. ಗೋಡೆ ಗಡಿಯಾರದ ಹಾಗೆ ಟಿಕ್‌ಟಿಕ್ ಬರುತ್ತಿತ್ತು, ಅಷ್ಟೇ ಸಣ್ಣಗೆ, ಅಷ್ಟೇ ಹಿತವಾಗಿ. ಅವನ ಕಣ್ಣಲ್ಲಿ ನೀರೇ ಬಂತು. ಗೆದ್ದೆ ಅನ್ನಿಸಿತು.

"ಎಲ್ಲೈತಪ್ಪ ನಿನ್ ಟೈಲರ್ ಮಿಷನ್ನು?" ಎಂದು ಕೇಳಿದ.

ಬೈಲಪ್ಪ "ನಿಂಗೆ ನಿಜವಾಗ್ಲೂ..." ಎಂದು ಶುರು ಮಾಡಿ ಸುತ್ತ ಇದ್ದವರ ಕಡೆ ನೋಡಿದ. ಜಗುಲಿಯ ಮೇಲಿದ್ದ ಯಾರೋ ನಕ್ಕರು.

ನಗು ಕಂಡು ದಯಾನಂದ ರೇಗಿದ. ಮನೆಯ ಕಡೆ ತಿರುಗಿ ಪ್ರಮೀಳಾಳನ್ನು ಕರೆದ. ಬೇರೆ ಯಾರನ್ನೂ ನಂಬದಿದ್ದರೂ ಅವಳನ್ನು ನಂಬುತ್ತಿದ್ದ. ಮಗ್ಗದಲ್ಲಿ ಒಂದು ಎಳೆ ಹರಿದರೂ ಹಿಡಿಯುವವಳು. ಅವಳು ಸೆರಗಿಗೆ ಕೈ ಒರೆಸುತ್ತ ಬಂದು ಗಾಡಿಯ ಹತ್ತಿರ ಬಗ್ಗಿದಳು.

"ಸದ್ದೈತೇನೇ?"

"ಏನೂ ಇಲ್ವಲ್ರೀ! ಸರ್ಯಾಗೇ ಐತೆ!"

"ನೋಡ್ದಾ ಬೈಲಣ್ಣ? ನಮ್ಮಿಬ್ರಿಗೂ ಇಲ್ದಿರೋ ಸದ್ದು ನಿಂಗೊಬ್ನಿಗೆ ಎಲ್ಲಿಂದ ಬಂತು?"

"ದಾರಿ ಧೂಳು ಕುಡ್ದು ಅವ್ರ ಕಿವಿ ಕೂತಿರ್ಬೇಕು ಕಣ್ರೀ!"

ಗಂಡ ಹೆಂಡತಿ ಇಬ್ಬರೂ ನಕ್ಕರು. ಬೀದಿಯಲ್ಲಿ ಬೇರೆ ಯಾರೂ ನಗಲಿಲ್ಲ. ಮೊದಲು ನಕ್ಕವರೂ ಈಗ ನೆಲ ನೋಡುತ್ತಿದ್ದರು. ಬೈಲಪ್ಪ ಹೋಗಿ ಇಂಜಿನ್ ಆರಿಸಿದ. ಬನಶ್ರೀ ಹೂವಿನ ಬುಟ್ಟಿ ಪಕ್ಕಕ್ಕಿಟ್ಟು ಎದ್ದು ಬಂದಳು. ಬಂದು ಅಪ್ಪನ ತೋಳು ಹಿಡಿದಳು.

"ಅಪ್ಪಾ, ನೀನೂ ಅಮ್ಮಾನೂ ಯಾಕ್ ಹಿಂಗ್ ಕೂಗ್ತಾ ಇದೀರ? ಇವತ್ತು ಮಗ್ಗ ನಿಂತೈತಲ್ಲಪ್ಪ."

ದಯಾನಂದ ಪ್ರಮೀಳಾಳನ್ನು ನೋಡಿದ. ಅವಳಿಗೆ ಮಗಳ ಮಾತು ಕೇಳಿಸಿರಲಿಲ್ಲ. ಇನ್ನೂ ನಗುತ್ತಲೇ ಇದ್ದಳು, ಏನಂತೆ ಎಂದು ಅವನ ಕಡೆ ಗಲ್ಲ ಎತ್ತಿದಳು. ಅವನಿಗೆ ಭಯವಾಯಿತು. ಇಷ್ಟು ದಿನದ ಗೋಜಲೆಲ್ಲ ಒಂದೇ ಸಲ ಬಿಡಿಸಿಕೊಂಡಿತ್ತು. ಹೀಗೆ ಬಿಡಿಸಿಕೊಳ್ಳುವುದಕ್ಕಿಂತ ಗೋಜಲೇ ಚೆನ್ನಾಗಿತ್ತು.

ಬೈಲಪ್ಪ ಅವನ ಮುಖ ನೋಡಲಾರದೆ ಬೈಕಿನ ಸೀಟು ಒರೆಸುತ್ತ ನಿಂತಿದ್ದ. ದಯಾನಂದ ಹತ್ತಿರ ಹೋಗಿ, ಈ ಸಲ ಕೂಗಬಾರದೆಂದು ಎಚ್ಚರ ವಹಿಸಿ, "ಓಬುಳೇಶನ ಹತ್ರಾನೇ ಕೂರ್ಸ್ಕೋ ಬೈಲಣ್ಣ, ಅವನೇ ಸರಿ" ಎಂದ.

ಮಾತು ಎಷ್ಟು ಸಣ್ಣಗೆ ಆಡಬೇಕೆಂದು ಅವನಿಗೆ ಗೊತ್ತಾಗಲಿಲ್ಲ. ಬೈಲಪ್ಪ ಬಗ್ಗಿ, ಅವನ ಬಾಯಿಯ ಹತ್ತಿರಕ್ಕೆ ಕಿವಿ ತಂದು, "ಏನಂದೆ ಕಣಪ್ಪ?" ಎಂದು ಕೇಳಿದ.