ಒಂದು ಬಿಟ್ಟು ಒಂದು ಮಡಿಕೆ

ಆ ದಿನ ಮಾವ ಮುಂಡು ಉಟ್ಟಿದ್ದರೋ ಪ್ಯಾಂಟು ಹಾಕಿದ್ದರೋ, ಈಗ ಖಚಿತವಾಗಿ ಹೇಳಲಾರೆ. ಪರೀಕ್ಷಕರ ಪ್ರಶ್ನೆಯೂ ನನ್ನ ನೆನಪಿನಲ್ಲಿ ಸ್ವಲ್ಪ ಬದಲಾಗಿರಬಹುದು. ನನ್ನ ಉತ್ತರ ಬದಲಾಗಿರಲಾರದು. ಅದು ಒಂದೇ ಪದ.

ಕೊಚ್ಚಿಯಲ್ಲಿ ಎಂ.ಟೆಕ್. ಕೊನೆಯ ವರ್ಷ. ಜೆಟ್ ವಿಮಾನದ ಹಿಂಬದಿಯಿಂದ ನುಗ್ಗುವ ಬಿಸಿ ಅನಿಲವನ್ನು ಶಾಖ ಹುಡುಕುವ ಕ್ಷಿಪಣಿಗಳು ದೂರದಿಂದಲೇ ಗುರುತಿಸುತ್ತವೆ. ಆ ಅನಿಲ ಹೊರಬರುವ ನಳಿಕೆಯ ಬಾಯಿಯ ಆಕಾರ ಬದಲಿಸಿ, ಹೊರಗಿನ ತಣ್ಣನೆಯ ಗಾಳಿ ಬೇಗ ಬೆರೆಯುವಂತೆ ಮಾಡಿ, ಆ ಗುರುತನ್ನು ತಗ್ಗಿಸುವುದು ನನ್ನ ಪ್ರಾಜೆಕ್ಟ್. ಮಾದರಿ ಮಾಡಿಕೊಟ್ಟವರು ತಿರುವನಂತಪುರದ ಸೋದರಮಾವ. ಕಾಸರಗೋಡಿನಿಂದ ಹೋಗಿ, ಅಲ್ಲಿನ ತುಂಬಾ ರಾಕೆಟ್ ಕೇಂದ್ರದ ಹತ್ತಿರ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ತಗಡು ತಟ್ಟಿದವರು.

ನನ್ನ ನಕ್ಷೆಯಲ್ಲಿ ನಳಿಕೆಯ ಬಾಯಿಯ ಸುತ್ತ ಲಂಗದ ನೆರಿಗೆಯಂತೆ ಒಳಹೊರಗೆ ಬಾಗಿದ ಹನ್ನೆರಡು ಮಡಿಕೆಗಳು, ಎಲ್ಲವೂ ಒಂದೇ ಆಳ. ಮಾವ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಎಲ್ಲ ಒಂದೇ ಆಳ ಇದ್ರೆ ನಡುವಿನ ಬಿಸಿಗೆ ತಣ್ಣನೆ ಗಾಳಿ ಮುಟ್ಟುವುದು ಹೇಗೆ ಮಾರಾಯ್ತಿ? ಒಂದು ಬಿಟ್ಟು ಒಂದು ಆಳ ಮಾಡುವ."

"ಅದು ಲೆಕ್ಕ ಹಾಕಿ ಬರೆದದ್ದು ಮಾವ."

"ಲೆಕ್ಕಕ್ಕೆ ಸೆಕೆ ಆಗುದಿಲ್ಲವಲ್ಲ. ಎರಡೂ ಮಾಡಿ ಕೊಡ್ತೇನೆ, ಗಾಳಿ ಬಿಟ್ಟು ನೋಡು."

ನೋಡಿದೆ. ಬಿಸಿಗಾಳಿಗೆ ಅಡ್ಡವಾಗಿ ತೆಳು ಜಾಲರಿ ಇಟ್ಟು ಥರ್ಮಲ್ ಕ್ಯಾಮೆರಾ ಹಿಡಿದರೆ, ನನ್ನ ನಳಿಕೆಯ ಮುಂದೆ ಬಿಸಿ ತೋರಿಸುವ ಅಗಲವಾದ ಬಿಳಿ ಮಚ್ಚೆ. ಅವರದರ ಮುಂದೆ ಅದರ ಅರ್ಧವೂ ಇರಲಿಲ್ಲ. ವರದಿಗೆ ಅವರದನ್ನೇ ಸೇರಿಸಿದೆ.

ವೈವಾ ದಿನ ಮಾವ ಮಾದರಿಯನ್ನು ತೋರ್ತು ಟವೆಲಿನಲ್ಲಿ ಸುತ್ತಿ, ರೈಲಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದು ಕೊಚ್ಚಿಯ ಪಕ್ಕದ ತ್ರಿಪ್ಪುಣಿತ್ತುರದಲ್ಲಿ ಇಳಿದರು. ಕಾಲೇಜಿನ ಲ್ಯಾಬಿನಲ್ಲಿ ಅದನ್ನು ಬಿಸಿಗಾಳಿ ಊದುವ ಬ್ಲೋವರಿಗೆ ತಾವೇ ಜೋಡಿಸಿ, ಸ್ಪ್ಯಾನರ್ ಹಿಡಿದು ಪಕ್ಕದಲ್ಲಿ ನಿಂತರು. ಈ ಏರುಪೇರು ಮಡಿಕೆ ಯಾರ ಯೋಚನೆ ಎಂದು ಪರೀಕ್ಷಕರು ಇಂಗ್ಲಿಷಿನಲ್ಲಿ ಕೇಳಿದರು.

"ನನ್ನದು," ಎಂದೆ, ಇಂಗ್ಲಿಷಿನಲ್ಲೇ.

ಗಾಬರಿಯಲ್ಲಿ ಹಾಗೆಂದೆ ಎಂದು ಆಗಿನ ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಸುಳ್ಳು. ತಗಡು ತಟ್ಟುವವರೊಬ್ಬರು ನನ್ನ ತಪ್ಪು ತಿದ್ದಿದರೆಂದರೆ ನಾನು ಸಣ್ಣವಳಾಗುತ್ತೇನೆ ಅನಿಸಿತ್ತು. ಕೃತಜ್ಞತೆಯ ಪುಟದಲ್ಲೂ ಮಾವನಿಗೆ ಸಿಕ್ಕಿದ್ದು 'ಮಾದರಿ ತಯಾರಿಕೆಯಲ್ಲಿ ನೆರವು' ಅಷ್ಟೇ. ಆಮೇಲೆ ಕ್ಯಾಂಟೀನಿನಲ್ಲಿ ಅವರು ಬಾಳೆಹಣ್ಣಿನ ಪಳಂಪೊರಿ ಬಜ್ಜಿ ತಿನ್ನುತ್ತಾ, "ಪಾಸಾಯ್ತಲ್ಲ, ಸಾಕು," ಎಂದರು. ನನ್ನ ಮುಖ ನೋಡಿದರೋ ಇಲ್ಲವೋ, ನೆನಪಿಲ್ಲ.

ಕಳೆದ ತಿಂಗಳು ತಿರುವನಂತಪುರಕ್ಕೆ ಹೋಗಿದ್ದೆ. ಸಮ ಮಡಿಕೆಗಳ ನನ್ನ ನಳಿಕೆ ಅವರ ಕಿಟಕಿಯಲ್ಲಿತ್ತು, ಒಳಗೆ ಪೆನ್ನುಗಳು. ಕೊನೆಗೂ ಕೇಳಿದೆ. ಅವರು ನನ್ನ ತಟ್ಟೆಗೆ ಇನ್ನೊಂದು ದೋಸೆ ಹಾಕಿ ಒಳಗೆ ಹೋದರು. ನಾನು ಕೇಳಿದ್ದು ಇಷ್ಟೇ:

"ಮಾವ, ಅವತ್ತು ನಾನು ಹೇಳಿದ್ದು ನಿಮಗೆ ಅರ್ಥ ಆಗಿತ್ತಾ?"