ಸೂರ್ಯನ ಸುದ್ದಿ ಹೇಳುತ್ತಿದ್ದ ಹಾಜಿಯವರು

ಹಾಜಿಯವರ ಬಿಳಿ ಟೊಪ್ಪಿಯ ನಡುವೆ ಒಂದು ಗೆರೆ ಇತ್ತು. ಹೆಡ್‌ಫೋನಿನ ಪಟ್ಟಿ ಕೂತು ಕೂತು ಬಿದ್ದದ್ದು. ಎಷ್ಟು ಇಸ್ತ್ರಿ ಹಾಕಿದರೂ ಹೋಗುತ್ತಿರಲಿಲ್ಲ.

ತೋಡಾರಿನಲ್ಲಿ ನಮ್ಮದೂ ಅವರದೂ ಅಕ್ಕಪಕ್ಕದ ಮನೆ. ಹಡಗುಗಳಲ್ಲಿ ರೇಡಿಯೋ ಅಧಿಕಾರಿಯಾಗಿ ಅರ್ಧ ಆಯುಸ್ಸು ಕಳೆದು ಊರಿಗೆ ಮರಳಿದವರು ಅವರು. ಬಂದ ಮೇಲೂ ಕೈ ಸುಮ್ಮನಿರಲಿಲ್ಲ. ಪರವಾನಗಿ ತೆಗೆದುಕೊಂಡು ಮಹಡಿಯಲ್ಲಿ ದೂರದೂರದ ಹವ್ಯಾಸಿಗಳೊಡನೆ ಮಾತಾಡುವ ಹ್ಯಾಮ್ ರೇಡಿಯೋ ಇಟ್ಟರು, ತೆಂಗಿನ ಮರದಿಂದ ಮಾವಿನ ಮರಕ್ಕೆ ಅದರ ಆಂಟೆನಾ ತಂತಿ ಎಳೆದರು. ಅದರ ಮೇಲೆ ಬಟ್ಟೆ ಒಣಗಿಸಬಹುದೇ ಎಂದು ನನ್ನ ಅಮ್ಮ ಕೇಳಿದ್ದುಂಟು.

ಬೆಳಗ್ಗೆ ಚಹಾ ಆದ ಮೇಲೆ ಅವರು ಹಳೆಯ ದುರ್ಬೀನನ್ನು ಅಂಗಳಕ್ಕೆ ತಂದು ಸ್ಟ್ಯಾಂಡಿಗೆ ಕಟ್ಟಿ ಸೂರ್ಯನ ಕಡೆ ತಿರುಗಿಸುತ್ತಿದ್ದರು. ಹಿಂದೆ ಬಿಳಿ ರಟ್ಟು ಹಿಡಿದರೆ ಅದರ ಮೇಲೆ ಲಿಂಬೆಹಣ್ಣಿನಷ್ಟು ಸೂರ್ಯ. ಅವನ ಮೈಮೇಲೆ ಎಳ್ಳು ಉದುರಿಸಿದ ಹಾಗೆ ಕಪ್ಪು ಕಲೆಗಳು.

"ಕಣ್ಣಿಟ್ಟು ನೋಡಬಾರದು ಮಗಳೇ, ಕಣ್ಣು ಹೋಗ್ತದೆ. ರಟ್ಟು ನೋಡು. ಇವತ್ತು ಕಲೆ ಜಾಸ್ತಿ ಉಂಟು, ದೂರದವರು ಸಿಗ್ತಾರೆ."

ಕಲೆ ಹೆಚ್ಚಿದ ವರ್ಷಗಳಲ್ಲಿ ಸೂರ್ಯನ ತೀಕ್ಷ್ಣ ಕಿರಣಗಳು ಆಕಾಶದ ಮೇಲಿನ ಗಾಳಿಯನ್ನು ಹದ ಮಾಡುತ್ತವೆ, ನಮ್ಮ ಮಾತು ಅಲ್ಲಿಗೆ ತಾಗಿ ಮತ್ತೆಲ್ಲೋ ಇಳಿಯುತ್ತದೆ ಎಂದು ವಿವರಿಸುವಾಗ ಅವರ ಮುಖ ಅರಳುತ್ತಿತ್ತು. ರೇಡಿಯೋ ಸೆಟ್ಟು ಹಾಕುವುದನ್ನೂ ಕೇಳುವುದನ್ನೂ ನನಗೆ ಕಲಿಸಿದವರು ಅವರೇ.

ಒಂದು ಮಳೆಗಾಲದಲ್ಲಿ ಬೆಳ್ತಂಗಡಿಯ ಆಚೆ, ಘಟ್ಟದ ಬುಡದಲ್ಲಿ ಗುಡ್ಡ ಜರಿಯಿತು. ಹೊಳೆ ಉಕ್ಕಿ ಸೇತುವೆ ಮುಳುಗಿತು, ಫೋನುಗಳು ಸತ್ತವು. ನನ್ನ ತಂಗಿ ಅತ್ತೆ ಮಾವನೊಂದಿಗೆ ಹೊಳೆಯಾಚೆಯ ಮನೆಯಲ್ಲಿದ್ದಳು. ಅವಳ ಗಂಡ ಪೇಟೆಗೆ ಬಂದವನು ಈಚೆ ಸಿಕ್ಕಿಬಿದ್ದಿದ್ದ. ನಾನು ಅಳುತ್ತಾ ಹೋದಾಗ ಹಾಜಿಯವರು ಹೆಚ್ಚು ಕೇಳಲಿಲ್ಲ. "ಹೋಗುವ" ಎಂದು ಸೆಟ್ಟನ್ನೂ ಬ್ಯಾಟರಿಯನ್ನೂ ಕಾರಿಗೆ ಹಾಕಿದರು. ಹೊಳೆಯಾಚೆಯ ಊರಲ್ಲಿ ಅವರ ರೇಡಿಯೋ ಸ್ನೇಹಿತರೊಬ್ಬರಿದ್ದರು, ಕಾಲೇಜು ಉಪನ್ಯಾಸಕರು.

ಹೊಳೆಯ ಈಚೆ, ಒಂದು ಅಂಗಡಿಯ ಮಾಡಿನ ಕೆಳಗೆ ಸೆಟ್ಟು ಹೂಡಿದ ಸ್ವಲ್ಪ ಹೊತ್ತಿಗೆ ಉಪನ್ಯಾಸಕರ ದನಿ ಸಿಕ್ಕಿತು. ಜನ ಸೇರಿರುವ ಶಾಲೆಗೆ ಹೋಗಿ ವಿಚಾರಿಸಿ ಬರುತ್ತೇನೆ ಎಂದರು. ತಂಗಿಯ ಗಂಡನೂ ಅಲ್ಲಿಗೆ ಬಂದು ಸೇರಿದ್ದ, ಮೂವರೂ ಕಾದೆವು. ಮಧ್ಯಾಹ್ನದ ಹೊತ್ತಿಗೆ ಸೆಟ್ಟು ಇದ್ದಕ್ಕಿದ್ದಂತೆ ಮೂಕವಾಯಿತು. ಸುಂಯ್ ಎನ್ನುವ ಸದ್ದು ಕೂಡ ಅಡಗಿತು.

ತಂಗಿಯ ಗಂಡ ಎದ್ದು ನಿಂತ. "ನಿಮ್ಮ ಸೆಟ್ಟು ಹಾಳಾಯ್ತು ಹಾಜಿಯವರೇ. ಇನ್ನು ಕಾಯಲಿಕ್ಕೆ ನನ್ನಿಂದ ಆಗುವುದಿಲ್ಲ. ಹಗ್ಗ ಕಟ್ಟಿಕೊಂಡು ದಾಟ್ತೇನೆ."

ಹಾಜಿಯವರು ಅವನ ಮಣಿಕಟ್ಟು ಹಿಡಿದರು. "ಸೆಟ್ಟು ಸರಿ ಉಂಟು. ಎಲ್ಲಾ ಸ್ಟೇಷನ್ನೂ ಒಟ್ಟಿಗೇ ಹೋಗಿದೆ, ಕೇಳು. ಇದು ಸೂರ್ಯನ ಕೆಲಸ. ಅವನಲ್ಲಿ ದೊಡ್ಡ ಜ್ವಾಲೆ ಎದ್ದರೆ ಮೇಲಿನ ಗಾಳಿ ನಮ್ಮ ಮಾತನ್ನೇ ನುಂಗಿಬಿಡ್ತದೆ."

"ಸೂರ್ಯನ ಮುಖ ಕಾಣದೆ ವಾರ ಆಯ್ತು!"

"ನಮಗೆ ಮೋಡ ಮಾರಾಯ, ಅವನಿಗೆ ಎಂತ ಮೋಡ? ಕೂತ್ಕೋ. ಸೂರ್ಯ ಬಿಡ್ತಾನೆ, ಹೊಳೆ ಬಿಡುವುದಿಲ್ಲ."

ಒಂದು ಕೈಯಲ್ಲಿ ಅವನನ್ನು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಗುಂಡಿ ತಿರುಗಿಸುತ್ತಾ ಕೂತರು. ಎದುರಿಗೆ ಕೆಂಪು ನೀರಿನಲ್ಲಿ ಬೇರುಸಹಿತ ಮರವೊಂದು ಮಗುಚಿಕೊಳ್ಳುತ್ತಾ ಹೋಯಿತು. ಬಹಳ ಹೊತ್ತಿನ ಮೇಲೆ ಮೊದಲು ಸುಂಯ್ ಸದ್ದು, ಆಮೇಲೆ ಉಪನ್ಯಾಸಕರ ದನಿ: "ಮೂವರೂ ಶಾಲೆಯಲ್ಲಿದ್ದಾರೆ. ಗಂಜಿ ಊಟ ಆಯ್ತು. ಮಾವ ಉಪ್ಪಿನಕಾಯಿ ಕೇಳ್ತಿದ್ದಾರೆ."

ತಂಗಿಯ ಗಂಡ ನಗುತ್ತಾ ಅತ್ತುಬಿಟ್ಟ. ಹಾಜಿಯವರು ಆಗಷ್ಟೇ ಕೈ ಬಿಟ್ಟರು. ಅವನ ಮಣಿಕಟ್ಟಿನಲ್ಲಿ ಐದು ಬೆರಳೂ ಕೆಂಪಗೆ ಮೂಡಿದ್ದವು.

ನೀರಿಳಿದ ಮೇಲೆ ಅವನೊಮ್ಮೆ ಕೇಳಿದ, "ಹಾಗಾದರೆ ಈ ಹುಚ್ಚುಮಳೆ, ಈ ಸೆಕೆ ಎಲ್ಲ ಸೂರ್ಯನದ್ದೇ ಅಲ್ವಾ?"

"ಮೇಲೆ ಅವನ ಗಲಾಟೆ ಜೋರು. ಕೆಳಗೆ ನಮ್ಮ ಹವೆಯಲ್ಲಿ ಅವನ ಏರಿಳಿತ ಬಹಳ ಸಣ್ಣದು. ಹನ್ನೊಂದು ವರ್ಷಕ್ಕೊಮ್ಮೆ ಏರ್ತಾನೆ, ಮತ್ತೆ ಇಳೀತಾನೆ. ಸೆಕೆ ಮಾತ್ರ ಏರ್ತಾನೇ ಉಂಟು. ಅದು ನಮ್ಮ ಹೊಗೆ. ಎಲ್ಲವನ್ನೂ ಸೂರ್ಯನ ತಲೆಗೆ ಕಟ್ಟಬೇಡ."

ಹಾಜಿಯವರು ತೀರಿಕೊಂಡದ್ದು ಸೂರ್ಯನ ಮೈತುಂಬ ಕಲೆಗಳಿದ್ದ ವರ್ಷ. ದಫನ್ ಆದ ಮರುದಿನ ಸಂಜೆ ಉಪನ್ಯಾಸಕರು ನನಗೆ ಫೋನ್ ಮಾಡಿ, ಹಾಜಿಯವರ ರೇಡಿಯೋ ಸ್ನೇಹಿತರು ಮಾತಾಡಲಿದ್ದಾರೆ, ಅವರ ಮನೆಯ ಸೆಟ್ಟು ಹಾಕಿ ಎಂದರು. ಹಾಜಿಯವರ ಹೆಂಡತಿಯನ್ನು ಮಹಡಿಗೆ ಕರೆದುಕೊಂಡು ಹೋದೆ. ಜಪಾನಿನಿಂದ ಒಬ್ಬರು, ಇಟಲಿಯಿಂದ ಒಬ್ಬರು, ಹೆಸರೂ ಕೇಳದ ದ್ವೀಪದಿಂದ ಒಬ್ಬರು. ಪಕ್ಕದ ಅಂಗಳದಲ್ಲಿ ನಿಂತವರಷ್ಟು ಸ್ಪಷ್ಟವಾಗಿ ಒಬ್ಬೊಬ್ಬರೇ ಹಾಜಿಯವರನ್ನು ನೆನೆದರು. ಅವರ ಇಂಗ್ಲಿಷ್ ಮಾತನ್ನು ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ.

ಹಾಜಿಯವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇಷ್ಟು ಜನರ ಹತ್ತಿರ ಮಾತಾಡ್ತಿದ್ದರಾ? ನನ್ನ ಹತ್ತಿರ ಬಂದರೆ ಮೀನಿಗೆ ಉಪ್ಪು ಸಾಲದು ಅಂತ ಒಂದೇ ಮಾತು!"

ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ಸ್ವಲ್ಪ ಜೋರು ಮಾಡು ಮಗಳೇ" ಎಂದರು.