ಟಿವಿಗಿಂತ ಮೊದಲೇ ಬೀಳುತ್ತಿದ್ದ ಬೀಗ

ವಿದೇಶದಲ್ಲಿ, ವೂರ್‌ಬರ್ಗ್ ಎಂಬ ಊರಿನಲ್ಲಿದ್ದ ಮಗಳ ಮನೆಗೆ ಹೋದವಳು, ವಾಪಸು ಬರುವ ಫ್ಲೈಟು ಮೇಲಿಂದ ಮೇಲೆ ಕ್ಯಾನ್ಸಲ್ ಆಗಿ ಅಲ್ಲೇ ಉಳಿದೆ. ಅದು ಲಾಕ್‌ಡೌನ್ ಚಳಿಗಾಲ.

ಪ್ರತಿ ಭಾನುವಾರ ಊಟ ಮುಗಿದದ್ದೇ ಅಳಿಯ ಟಿವಿಯಲ್ಲಿ ಫುಟ್‌ಬಾಲ್ ಹಾಕುತ್ತಿದ್ದ. ತೊಡೆಯ ಮೇಲೆ ಮೊಬೈಲು, ಅದರಲ್ಲಿ ಬೆಟ್ಟಿಂಗ್ ಆಪ್. ಸ್ಟೇಡಿಯಂ ಖಾಲಿ, ಆಟಗಾರರ ಕಿರುಚಾಟವಷ್ಟೇ ಕೇಳುತ್ತಿತ್ತು. ಗೆದ್ದ ದಿನ ಅವನು ಪರ್ಫೆಕ್ಟ್ ಜೆಂಟಲ್‌ಮನ್. ಅಂಥದ್ದೊಂದು ದಿನ, ಮೊಬೈಲಿನ ಅಂಕಿಗಳೆಲ್ಲ ಮಂಕಾಗಿ ಪುಟ್ಟ ಬೀಗದ ಚಿತ್ರ ಏಕೆ ಬರುತ್ತದೆಂದು ಕೇಳಿದೆ.

“ಸಸ್ಪೆಂಡ್ ಮಾಡಿದಾರೆ ಅತ್ತೆ. ಗ್ರೌಂಡಲ್ಲಿ ಏನೋ ಆಗಿದೆ ಅಂತ. ಗೋಲೋ, ಪೆನಾಲ್ಟಿನೋ, ರೆಡ್ ಕಾರ್ಡೋ, ಇಲ್ಲಾ ಯಾರಿಗೋ ಏಟು ಬಿದ್ದಿರತ್ತೆ. ಕಂಪನಿಯವ್ರಿಗೆ ಅಲ್ಲಿಂದ ಆಗ್ಲೇ ಸುದ್ದಿ ಬರತ್ತೆ, ನಮ್ಮ ಟಿವಿಗೆ ಲೇಟು. ಆ ಗ್ಯಾಪಲ್ಲಿ ವಿಷ್ಯ ಗೊತ್ತಿರೋನು ಬೆಟ್ ಹಾಕಿದ್ರೆ ಕಂಪನಿಗೆ ನಾಮ. ಹೊಸ ರೇಟ್ ಕೂಡಿಸೋವರ್ಗೂ ಬಂದ್.”

“ಹಾಗಾದ್ರೆ ನೀವು ನೋಡ್ತಿರೋದು ಲೈವ್ ಅಲ್ವಾ?”

“ಮೂಲೇಲಿ ಹಾಗಂತ ಬರೆದಿರ್ತಾರೆ ಅಷ್ಟೆ!” ಎಂದು ನಕ್ಕ.

ಸೋತ ದಿನ ರಿಮೋಟು ಗೋಡೆಗೆ, ಕಾಫಿ ಲೋಟ ನೆಲಕ್ಕೆ, ಆಮೇಲೆ ಸರದಿ ನನ್ನ ಮಗಳದು. ಒಮ್ಮೆ ಅವಳ ಕೈಯನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಎಳೆದ. ಬೆರಳುಗಳು ಊದಿ ಬದನೆಕಾಯಿಯ ಬಣ್ಣಕ್ಕೆ ತಿರುಗಿದವು. ಪೊಲೀಸಿಗೆ ಹೇಳೋಣವೆಂದರೆ, “ಬೇಡಮ್ಮಾ. ಇಲ್ಲಿರೋಕೆ ನನ್ನ ಪರ್ಮಿಟ್ ಅವರ ಕೆಲಸದ ಮೇಲೆ ನಿಂತಿದೆ. ಅವರನ್ನ ಬಿಟ್ರೆ ನನ್ನನ್ನೂ ಓಡಿಸ್ತಾರೆ” ಎನ್ನುತ್ತಿದ್ದಳು.

“ಡೋಂಟ್ ಸ್ಟೇರ್, ಗರ್ಲ್ಸ್, ಅಬ್ಸರ್ವ್” ಎಂದು ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಹೇಳುತ್ತಿದ್ದರು. ಸ್ವೆಟರ್ ಹೆಣೆಯುವ ನೆಪದಲ್ಲಿ ಅಳಿಯನ ಪಕ್ಕದಲ್ಲೇ ಕೂರತೊಡಗಿದೆ. ಬೀಗ ಬಿತ್ತೋ, “ಪುಟ್ಟೀ, ಮೊಸರು ಮುಗಿದಿದೆ, ಬಾ” ಎನ್ನುತ್ತಿದ್ದೆ. ಟಿವಿಯಲ್ಲಿ ಚೆಂಡು ಬಲೆಗೆ ಬೀಳುವಷ್ಟರಲ್ಲಿ ನಾವು ಮೆಟ್ಟಿಲಿಳಿಯುತ್ತಿದ್ದೆವು. ಹಿಂತಿರುಗಿದಾಗ ಏನೋ ಒಂದು ಒಡೆದಿರುತ್ತಿತ್ತು, ಅವನು ತಣ್ಣಗಾಗಿರುತ್ತಿದ್ದ. ಫ್ರಿಜ್ ತುಂಬ ಮೊಸರು.

ಒಂದು ಭಾನುವಾರ ಹಾಗೇ ಹೊರಟೆವು. ನಾವು ಹೋದ ಮೇಲೆ ಟಿವಿಯಲ್ಲಿ ಆಟಗಾರನೊಬ್ಬ, ಯಾರೂ ತಾಕದೆಯೇ, ಕುಸಿದುಬಿದ್ದನಂತೆ. ಪಂದ್ಯ ನಿಂತಿತು. ಬೀಗ ತೆರೆಯಲೇ ಇಲ್ಲ. ಹಾಕಿದ ಬೆಟ್ಟನ್ನು ಹಿಂತೆಗೆಯಲು ಅಳಿಯನಿಗೆ ದಾರಿಯಿರಲಿಲ್ಲ. ಇದೊಂದೂ ನಮಗೆ ಗೊತ್ತಿರಲಿಲ್ಲ. ಎಂದಿನಂತೆ ಎಲ್ಲ ಮುಗಿದಿರುತ್ತದೆಂದು ಬಾಗಿಲು ತೆರೆದೆವು.

“ಬಂದ್ಲು ನೋಡು ಮಹಾರಾಣಿ! ಬೇಕಂತ ಲಾಕ್ ಮಾಡಿದಾರೆ ಕಳ್ ನನ್ಮಕ್ಳು, ನಿಂಗೆ ಶಾಪಿಂಗು!”

ಜುಟ್ಟು ಹಿಡಿದು ಅವಳ ಮುಖವನ್ನು ಚಪ್ಪಲಿ ಸ್ಟ್ಯಾಂಡಿಗೆ ಜಪ್ಪಿದ. ಒಮ್ಮೆ, ಮತ್ತೊಮ್ಮೆ. ಮೊಸರಿನ ಪ್ಯಾಕು ಒಡೆದು ನೆಲವೆಲ್ಲ ಬಿಳಿ. ಅದರ ಮೇಲೆ ರಕ್ತ. ನಾನು ಅವನ ಮಣಿಕಟ್ಟಿಗೆ ಬಾಯಿ ಹಾಕಿ, ಹಲ್ಲು ಮೂಳೆಗೆ ತಾಗುವಂತೆ ಕಚ್ಚಿದೆ. ಅವನು ಕೊಡವಿದ ರಭಸಕ್ಕೆ ಗೋಡೆಗೆ ಹೋಗಿ ಬಿದ್ದೆ. ತೋಳು ಎತ್ತಲಾಗಲಿಲ್ಲ. ಇನ್ನೊಂದು ಕೈಯಿಂದ ಪೊಲೀಸಿಗೆ ಫೋನು ಒತ್ತಿ, “ಮೈ ಸನ್-ಇನ್-ಲಾ ಈಸ್ ಕಿಲ್ಲಿಂಗ್ ಮೈ ಡಾಟರ್. ಕೈಂಡ್ಲಿ ಕಮ್” ಎಂದೆ.

ಅವರು ಬಂದು ಅವನನ್ನು ಕರೆದೊಯ್ದರು. ಹತ್ತು ದಿನ ಮನೆಗೆ ಕಾಲಿಡಬಾರದೆಂದು ಮೇಯರ್ ಹೆಸರಿನಲ್ಲಿ ಆದೇಶವಾಯಿತು. ಮರುದಿನ ನಗರಸಭೆಯಿಂದ ಒಬ್ಬ ಹೆಂಗಸು ಬಂದು ದೂರದಲ್ಲೇ ಕುಳಿತಳು. ಪರ್ಮಿಟ್ಟಿಗೆ ಬೇರೆ ದಾರಿಯಿದೆ, ಆದರೆ ಏನಾಯಿತೆಂದು ನೀನೇ ಹೇಳಬೇಕು ಎಂದಳು ಮಗಳಿಗೆ, ಇಂಗ್ಲಿಷಿನಲ್ಲಿ.

ಮಾಸ್ಕ್ ಹಾಕಿಕೊಂಡಿದ್ದ ಮಗಳು ನನ್ನತ್ತ ನೋಡಿದಳು. ನಾನು ಬಾಯಿ ತೆರೆಯಲಿಲ್ಲ; ತೆರೆಯದಿರಲು ಎಷ್ಟು ಕಷ್ಟಪಟ್ಟೆನೋ ನನಗೇ ಗೊತ್ತು.

ಅವಳು ಮಾಸ್ಕ್ ಎಳೆದಳು. ಗಾಯಕ್ಕೆ ಅಂಟಿಕೊಂಡಿದ್ದ ಬಟ್ಟೆ ಬಿಟ್ಟು ಬಂದು ತುಟಿ ಮತ್ತೆ ಬಿರಿಯಿತು. ಗಲ್ಲದವರೆಗೆ ಇಳಿದ ರಕ್ತವನ್ನು ಒರೆಸಿಕೊಳ್ಳದೆ ಕೇಳಿದಳು:

“ಟೆನ್ ಡೇಸ್ ಈಸ್ ನಾಟ್ ಎನಫ್. ಕ್ಯಾನ್ ಯೂ ಮೇಕ್ ಇಟ್ ಲಾಂಗರ್?”